ಮಾತಿಗೆ ಪ್ರತಿಮಾತು ಹೂಡುವ ಮುನ್ನ

ನಂದಿಬೆಟ್ಟದ ತಪ್ಪಲಿಗೆ ಸೇರಿದ ನಮ್ಮ ಹಳ್ಳಿಯ ಮನೆಯಲ್ಲಿ, ಬೇಸಿಗೆಯ ರಜೆಗೆಂದು ನೆಂಟರಿಷ್ಟರ ಮಕ್ಕಳೆಲ್ಲ ಬಂದು ನೆರೆದಿದ್ದ ಒಂದು ರಾತ್ರಿ, ಊಟ ತೀರಿದ ಮೇಲೆ ಎಲ್ಲರೂ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಗಾಳಿಗೆ ಕುಳಿತಿರಲಾಗಿ, ನಮ್ಮ ಚಿಕ್ಕಪ್ಪನವರು ತಾವು ಬಾಲ್ಯದಲ್ಲಿ ಗಾಂಧೀಜಿಯವರನ್ನು ಕಂಡ ವೃತ್ತಾಂತವನ್ನು ಹೇಳತೊಡಗಿದರು. ಆಗ ಅವರಿಗೆ ಎಪ್ಪತ್ತರ ಪ್ರಾಯ; ನನಗೆ ನಲವತ್ತು ದಾಟಿತ್ತು. ಆ ಕಥೆಯನ್ನು ನಾನು ಚಿಕ್ಕಂದಿನಿಂದ ಹತ್ತಾರು ಸಲ ಕೇಳಿದ್ದವನು. ಅಥವಾ ಕೇಳಿದ್ದೇನೆಂದು ತಿಳಿದುಕೊಂಡಿದ್ದವನು. "ಮೂವತ್ತನಾಲ್ಕನೆಯ ಇಸವಿ, ಕಡು ಬೇಸಿಗೆ. ನಮ್ಮಪ್ಪ ನನ್ನನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಬೆಟ್ಟ ಹತ್ತಿಸಿಕೊಂಡು ಹೋದರು. ಜನವೋ ಜನ. ನನಗೆ ಕಾಣುವುದಿಲ್ಲವೆಂದು ಅಪ್ಪ ನನ್ನನ್ನೆತ್ತಿ ಒಂದು ಬಂಡೆಯ ಮೇಲೆ ನಿಲ್ಲಿಸಿದರು" ಎಂದು ಅವರು ಹೇಳುತ್ತಿದ್ದಂತೆಯೇ ನಾನು ನಡುವೆ ಬಾಯಿ ಹಾಕಿದೆನು.

"ಚಿಕ್ಕಪ್ಪ, ಅದು ಮೂವತ್ತನಾಲ್ಕು ಆಗಿರಲಾರದು. ಮೂವತ್ತಾರಿರಬೇಕು."

"ಇಲ್ಲಪ್ಪ, ಮೂವತ್ತನಾಲ್ಕೇ. ನಮ್ಮ ಕೆಂದ ಹಸು ಮೊದಲನೆಯ ಕರು ಹಾಕಿದ ವರ್ಷ. ನನಗೆ ಚೆನ್ನಾಗಿ ನೆನಪಿದೆ."

ನನ್ನ ಪಕ್ಷ ಪ್ರಬಲವಾಗಿತ್ತು. ಗಾಂಧೀಜಿಯವರು ನಂದಿಯಲ್ಲಿ ತಂಗಿದ್ದುದು ಎರಡಾವರ್ತಿ: ಪ್ರವಾಸದ ಶ್ರಮದಿಂದ ದೇಹಸ್ಥಿತಿ ಕೆಟ್ಟು ವಿಶ್ರಾಂತಿಗಾಗಿ ಬಂದಿದ್ದ 1927ರ ಬೇಸಿಗೆಯಲ್ಲೊಮ್ಮೆ, ಅನಂತರ 1936ರ ಮೇ ತಿಂಗಳಲ್ಲೊಮ್ಮೆ. 1934ರಲ್ಲಿ ಹರಿಜನೋದ್ಧಾರದ ಪ್ರವಾಸದ ನಿಮಿತ್ತ ಅವರು ಮೈಸೂರು ಸೀಮೆಗೆ ಬಂದಿದ್ದರೆಂಬುದು ನಿಜ. ಆದರೆ ಬೆಟ್ಟದ ಮೇಲಣ ವಾಸ ಆ ವರ್ಷದ್ದಲ್ಲ. ಇಷ್ಟನ್ನೂ ನಾನು ಬಾಯಲ್ಲಿ ಹೇಳಿ ಬಿಟ್ಟಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ನಾನು ಎದ್ದು ಒಳಗೆ ಹೋಗಿ, ಮಹಾತ್ಮರ ಪ್ರವಾಸಗಳ ತೇದಿಗಳನ್ನು ಕ್ರೋಡೀಕರಿಸಿದ್ದ ಒಂದು ಪುಸ್ತಕವನ್ನು ತಂದು, ಜಗಲಿಯ ದೀಪದ ಕೆಳಗೆ ಪುಟ ತೆರೆದು ಅವರ ಮುಂದೆ ಹಿಡಿದೆನು. ಅವರು ಕನ್ನಡಕವನ್ನು ಹುಡುಕಲಿಲ್ಲ. "ನೀನು ಓದಿದವನು. ಪುಸ್ತಕದಲ್ಲಿದ್ದ ಮೇಲೆ ಅದೇ ಸರಿ ಇರಬೇಕು, ಬಿಡಪ್ಪ" ಎಂದು ಹೇಳಿ, ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡು, ಮಲಗುವುದಕ್ಕೆ ಹೋದರು. ಬಂಡೆಯ ಮೇಲೆ ನಿಂತ ಹುಡುಗನು ಏನನ್ನು ಕಂಡನೆಂದು ಕಾದು ಕುಳಿತಿದ್ದ ಮಕ್ಕಳು ಒಂದೆರಡು ನಿಮಿಷ ಸುಮ್ಮನಿದ್ದು, ಅನಂತರ ಒಬ್ಬೊಬ್ಬರಾಗಿ ಎದ್ದರು. ಆಮೇಲೆ ಚಿಕ್ಕಪ್ಪನವರು ಹನ್ನೊಂದು ವರ್ಷ ಬದುಕಿದ್ದರು. ನಾನಿರುವಾಗ ಆ ಕಥೆಯನ್ನು ಅವರು ಮತ್ತೆ ಎತ್ತಲಿಲ್ಲ.

ಯಾವ ವಾದವನ್ನು ಹೂಡಬೇಕು, ಯಾವುದನ್ನು ಹೂಡದೆ ಬಿಡಬೇಕು ಎಂಬ ಪ್ರಶ್ನೆಯನ್ನು ಅಂದಿನಿಂದ ನಾನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ಇದು ಕೇವಲ ಸೌಜನ್ಯದ ಪ್ರಶ್ನೆಯೆಂದು ಮೊದಮೊದಲು ನನಗೆ ತೋರಿತ್ತು. ಹಿರಿಯರ ಮಾತಿಗೆ ಎದುರಾಡಬಾರದು, ನೆಂಟರ ಮನೆಯಲ್ಲಿ ತರ್ಕ ಸಲ್ಲದು, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬಂಥ ಬುದ್ಧಿವಾದಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಎಲ್ಲ ವಾದವನ್ನೂ ನುಂಗಿಕೊಳ್ಳುವವನು ಸಜ್ಜನನೆಂದು ಹೆಸರು ಪಡೆಯಬಹುದಾದರೂ, ಅವನ ಮೌನದ ವೆಚ್ಚವನ್ನು ಬೇರೆ ಯಾರೋ ತೆರುತ್ತಿರಬಹುದೆಂಬುದು ಕಾಲಕ್ರಮದಲ್ಲಿ ನನ್ನ ಅನುಭವಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಈ ಪ್ರಶ್ನೆಯನ್ನು ನಮಗಿಂತ ಎಷ್ಟೋ ಗಂಭೀರವಾಗಿ ವಿಚಾರಿಸಿದ ನಮ್ಮ ಪೂರ್ವಿಕರ ಬಳಿಗೆ ಸ್ವಲ್ಪ ಹೊತ್ತು ಹೋಗಿ ಬರುವುದು ಉಚಿತ.

ನ್ಯಾಯಸೂತ್ರಕಾರನಾದ ಗೌತಮನು ತನ್ನ ಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ವಾದ, ಜಲ್ಪ, ವಿತಂಡ ಎಂಬ ಮೂರನ್ನು ಬೇರೆಬೇರೆಯಾಗಿ ಎಣಿಸಿದ್ದಾನೆ. ತತ್ತ್ವವನ್ನು ತಿಳಿಯುವುದೇ ಉದ್ದೇಶವಾಗಿ, ಪ್ರಮಾಣ ತರ್ಕಗಳನ್ನು ಆಶ್ರಯಿಸಿ ಇಬ್ಬರು ನಡೆಸುವ ಮಾತುಕತೆಯು ವಾದ. ಗೆಲ್ಲುವುದೇ ಉದ್ದೇಶವಾಗಿ, ಎದುರಾಳಿಯ ಮಾತನ್ನು ತಿರುಚಿಯಾದರೂ ಸರಿ ಅವನನ್ನು ಕೆಡಹಬೇಕೆಂದು ಹೊರಟದ್ದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಬರಿದೇ ಎದುರಿನವನದನ್ನು ಒಡೆಯುವುದು ವಿತಂಡ. ಇವುಗಳಲ್ಲಿ ಕೊನೆಯದನ್ನು ಕನ್ನಡದ ಜನಸಾಮಾನ್ಯರೂ 'ವಿತಂಡವಾದ' ಎಂಬುದಾಗಿ ಇಂದಿಗೂ ಬಳಸುತ್ತಿದ್ದಾರೆ. ಅಂಗಡಿಯ ಕಟ್ಟೆಯ ಮೇಲೂ ಆ ಮಾತು ಕೇಳಿಬರುತ್ತದೆ. ಛಲ ಮೂರು, ಜಾತಿ ಇಪ್ಪತ್ತನಾಲ್ಕು, ನಿಗ್ರಹಸ್ಥಾನ ಇಪ್ಪತ್ತೆರಡು ಎಂದು ಮಾತಿನ ಮೋಸಗಳನ್ನೂ ಸೋಲಿನ ನೆಲೆಗಳನ್ನೂ ಆ ಶಾಸ್ತ್ರವು ಲೆಕ್ಕಹಾಕಿ ಇಟ್ಟಿದೆ. ಛಲಕ್ಕೆ ಭಾಷ್ಯಕಾರನು ಕೊಡುವ ಉದಾಹರಣೆ ನಮ್ಮ ಭಾಷೆಯಲ್ಲಿಯೂ ಹಾಗೆಯೇ ನಿಲ್ಲುತ್ತದೆ: 'ಈ ಹುಡುಗನು ನವಕಂಬಳಿಯವನು' ಎಂದು ಒಬ್ಬನು ಹೇಳಿದರೆ, ಹೊಸ ಕಂಬಳಿಯೆಂಬ ಅವನ ಅಭಿಪ್ರಾಯವನ್ನು ಬಲ್ಲವನಾಗಿಯೂ, 'ಎಲ್ಲಿ, ಒಂದೇ ಇದೆಯಲ್ಲ, ಒಂಬತ್ತು ಎಲ್ಲಿವೆ?' ಎಂದು ಇನ್ನೊಬ್ಬನು ಕೇಳುವುದು. ಹೇಳಿದವನ ಹೃದ್ಗತವು ತಿಳಿದಿದ್ದರೂ ಅಕ್ಷರಕ್ಕೆ ಜೋತುಬೀಳುವುದು ಛಲ. ಇದನ್ನೋದುವಾಗಲೆಲ್ಲ ಜಗಲಿಯ ಮೇಲೆ ನಾನು ತೆರೆದು ಹಿಡಿದ ಪುಸ್ತಕವು ನನ್ನ ಕಣ್ಣೆದುರಿಗೆ ಬರುತ್ತದೆ. ಚಿಕ್ಕಪ್ಪನವರು ಇಸವಿಯನ್ನು ಪ್ರತಿಪಾದಿಸುವುದಕ್ಕೆಂದು ಬಾಯಿ ತೆರೆದಿರಲಿಲ್ಲ.

ಗೌತಮನು ಜಲ್ಪ ವಿತಂಡಗಳನ್ನು ಹೀಗಳೆದು ಕೈಬಿಟ್ಟನೆಂದು ತಿಳಿಯಬಾರದು. ಬಿತ್ತಿದ ಬೀಜವು ಮೊಳಕೆಯೊಡೆಯುತ್ತಿರುವಾಗ ಅದರ ಸುತ್ತ ಮುಳ್ಳಿನ ಬೇಲಿಯನ್ನು ಹಾಕುವಂತೆ, ಮನಸ್ಸಿನಲ್ಲಿ ಇನ್ನೂ ಎಳೆಯದಾಗಿರುವ ನಿಶ್ಚಯವನ್ನು ಕಾಪಾಡುವುದಕ್ಕಾಗಿ ಅವುಗಳನ್ನು ಉಪಯೋಗಿಸಬಹುದೆಂಬುದು ಅವನ ಅಭಿಪ್ರಾಯ. ಬೇಸಾಯದ ಮನೆಯಲ್ಲಿ ಹುಟ್ಟಿದ ನನಗೆ ಈ ಉಪಮೆಯು ಬಹಳ ಹಿಡಿಸಿತು. ಮುಳ್ಳು ಕೆಟ್ಟದ್ದಲ್ಲ, ಮೊಳಕೆಯ ಸುತ್ತ ಇರುವವರೆಗೂ ಅದಕ್ಕೆ ಬೆಲೆಯುಂಟು. ಬೆಳೆಯೇ ಇಲ್ಲದ ಬೀಳುಭೂಮಿಗೆ ಬೇಲಿ ಕಟ್ಟಿ ಹಾದುಹೋಗುವವರ ಕಾಲಿಗೆ ಮುಳ್ಳು ಚುಚ್ಚಿಸುವವನ ವಿಚಾರ ಬೇರೆ.

ಆದರೆ ವಾದಕ್ಕೆ ಇಳಿಯಬೇಕೇ ಬೇಡವೇ ಎಂಬ ನಿರ್ಧಾರವನ್ನು ಅತ್ಯಂತ ಕೂಲಂಕಷವಾಗಿ ವಿಚಾರಿಸಿದವರು ತಾರ್ಕಿಕರಿಗಿಂತ ಹೆಚ್ಚಾಗಿ ವೈದ್ಯರೆಂಬುದು ನನಗೆ ತಡವಾಗಿ ತಿಳಿಯಿತು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು, ವೈದ್ಯವಿದ್ಯಾರ್ಥಿಯು ಶಾಸ್ತ್ರವನ್ನು ಆರಿಸಿಕೊಳ್ಳುವುದು ಹೇಗೆ, ಗುರುವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದರಿಂದ ಮೊದಲಾಗಿ, ಸಹವೈದ್ಯರೊಡನೆ ಚರ್ಚಿಸುವುದು ಹೇಗೆಂಬ ವಿಷಯಕ್ಕೆ ಬರುತ್ತದೆ. ಅಲ್ಲಿ ಸಂಭಾಷೆಯು ಎರಡು ಬಗೆಯೆಂದು ಹೇಳಿದೆ: ಸ್ನೇಹಭಾವದಿಂದ ಕೂಡಿ ನಡೆಸುವ ಸಂಧಾಯಸಂಭಾಷೆ, ಎದುರುಬದುರಾಗಿ ನಿಂತು ನಡೆಸುವ ವಿಗೃಹ್ಯಸಂಭಾಷೆ. ಜ್ಞಾನವುಳ್ಳವನಾಗಿ, ಕೋಪಿಷ್ಠನಲ್ಲದೆ, ಅಸೂಯೆಯಿಲ್ಲದೆ, ಒಪ್ಪಿಸಿದರೆ ಒಪ್ಪತಕ್ಕವನಾಗಿ, ತಾನೂ ಒಪ್ಪಿಸಬಲ್ಲವನಾಗಿ, ಸಹನೆ ಮತ್ತು ಸವಿನುಡಿಯುಳ್ಳವನು ದೊರೆತರೆ ಅವನೊಡನೆ ಮೊದಲನೆಯ ಬಗೆಯ ಮಾತು. ಅಲ್ಲಿ ನಂಬಿಕೆಯಿಂದ ಕೇಳಬೇಕು, ನಂಬಿಕೆಯಿಂದ ಹೇಳಬೇಕು, ಸೋತೇನೆಂದು ಭಯಪಡಬಾರದು, ಗೆದ್ದೆನೆಂದು ಹಿಗ್ಗಬಾರದು. ಇದರಿಂದಾಗುವ ಲಾಭಗಳನ್ನು ಎಣಿಸುವಾಗ ಆಚಾರ್ಯನು ಒಂದು ಸೂಕ್ಷ್ಮವಾದ ಮಾತನ್ನಾಡಿದ್ದಾನೆ. ಗುರುವು ಮೆಚ್ಚಿದ ಶಿಷ್ಯನಿಗೆ ಗುಟ್ಟಾಗಿ, ಸ್ವಲ್ಪಸ್ವಲ್ಪವಾಗಿ ಕೊಟ್ಟ ರಹಸ್ಯವನ್ನು, ಆ ಶಿಷ್ಯನು ಚರ್ಚೆಯ ಹುರುಪಿನಲ್ಲಿ ಒಮ್ಮೆಗೇ ಹೊರಗೆಡವಿಬಿಡುತ್ತಾನಂತೆ! ವಾದದ ಉಪಯೋಗವನ್ನು ಇಷ್ಟು ಮನುಷ್ಯಸಹಜವಾಗಿ ಕಂಡ ಶಾಸ್ತ್ರಕಾರನು ಇನ್ನೊಬ್ಬನಿಲ್ಲ.

ಇನ್ನು ಎದುರುನಿಂತು ವಾದಿಸುವ ಸಂದರ್ಭ. ಅದಕ್ಕೆ ಮೊದಲು ತನ್ನನ್ನೂ ಎದುರಾಳಿಯನ್ನೂ ತೂಗಿ ನೋಡಬೇಕು. ಅವನು ತನಗಿಂತ ಮೇಲೋ, ಸಮಾನನೋ, ಕಡಿಮೆಯೋ ಎಂಬುದನ್ನು ಅರಿಯಬೇಕು. ಮೇಲಾದವನೊಡನೆ ವಿಗ್ರಹವು ಎಂದಿಗೂ ಸಲ್ಲದು. ಅಷ್ಟೇ ಅಲ್ಲ, ಕೇಳುವ ಪರಿಷತ್ತನ್ನೂ ತೂಗಬೇಕು. ಅದು ತಿಳಿದವರ ಸಭೆಯೋ ತಿಳಿಯದವರದೋ, ನಮ್ಮಲ್ಲಿ ಸ್ನೇಹವುಳ್ಳದ್ದೋ, ಉದಾಸೀನವೋ, ಮೊದಲೇ ವಿರೋಧಕ್ಕೆ ಕಟ್ಟುಬಿದ್ದದ್ದೋ ಎಂಬುದನ್ನು ನೋಡಬೇಕು. ಕಟ್ಟುಬಿದ್ದ ಸಭೆಯು ಪಂಡಿತರದಾಗಿದ್ದರೂ ಅಲ್ಲಿ ಯಾರೊಡನೆಯೂ ವಾದ ಕೂಡದೆಂಬುದು ಚರಕನ ಸ್ಪಷ್ಟವಾದ ವಿಧಿ. ಜಗಳದ ಮಾತು ಕೆಲವರಲ್ಲಿ ಕಡುದ್ವೇಷವನ್ನು ಹುಟ್ಟಿಸುತ್ತದೆಂದೂ, ಕೆರಳಿದವನು ಮಾಡಬಾರದೆಂದು ಬಿಡುವ ಕೆಲಸವಾಗಲಿ ಆಡಬಾರದೆಂದು ಬಿಡುವ ಮಾತಾಗಲಿ ಇಲ್ಲವೆಂದೂ ಅವನು ಎಚ್ಚರಿಸುತ್ತಾನೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ, ಮನುಷ್ಯನೂ ಅವನ ರೋಗಗಳೂ ಹುಟ್ಟುವುದು ಏತರಿಂದ ಎಂಬ ವಿಷಯದಲ್ಲಿ ಋಷಿಗಳು ಒಬ್ಬರ ಮೇಲೊಬ್ಬರು ಪಕ್ಷವನ್ನು ಹೂಡುತ್ತ ಹೋಗಲು, ಪುನರ್ವಸು ಆತ್ರೇಯನು ಅವರನ್ನು ತಡೆದು, ಹೀಗೆ ವಾದ ಪ್ರತಿವಾದಗಳನ್ನು ಆಡುತ್ತಿರುವವರು ಗಾಣ ತಿರುಗಿಸುವವನಂತೆ ಸುತ್ತುತ್ತಲೇ ಇರುವರಲ್ಲದೆ ದಾರಿಯ ಕೊನೆಯನ್ನು ಮುಟ್ಟುವುದಿಲ್ಲವೆಂದು ಹೇಳುವ ಪ್ರಸಂಗವಿದೆ. ದಿನವೆಲ್ಲ ನಡೆದು ಸಂಜೆಗೆ ಹೊರಟ ಕಡೆಯಲ್ಲಿಯೇ ನಿಂತಿರುವ ಗಾಣದೆತ್ತನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನವೇ ಬೇಡ.

ವೈದ್ಯಗ್ರಂಥದಲ್ಲಿ ಇಷ್ಟು ವಿಸ್ತಾರವಾದ ವಾದವಿಚಾರವು ಏಕೆ ಬಂತು? ಈ ಅಧ್ಯಾಯದಲ್ಲಿ ವಾದಮಾರ್ಗವನ್ನು ತಿಳಿಯಲು ಬೇಕಾದ ನಲವತ್ತನಾಲ್ಕು ಪದಗಳ ವಿವರಣೆಯೇ ಇದೆ. ಮದ್ದಿನ ಗಿಡಮೂಲಿಕೆಗಳ ನಡುವೆ ಇದೊಂದು ವಿಚಿತ್ರವಾದ ತೋಟ. ಇದಕ್ಕೆ ಪಂಡಿತರು ಅನೇಕ ಕಾರಣಗಳನ್ನು ಹೇಳಬಹುದು. ನನಗೆ ತೋರುವುದು ಇಷ್ಟು: ಇಬ್ಬರು ದಾರ್ಶನಿಕರು ಜಗತ್ತು ಸತ್ಯವೋ ಮಿಥ್ಯೆಯೋ ಎಂದು ವಾದಿಸಿ ಬೇಸತ್ತು ಮನೆಗೆ ಹೋದರೆ ಜಗತ್ತು ಇದ್ದಂತೆಯೇ ಇರುತ್ತದೆ, ಇಬ್ಬರು ವೈದ್ಯರು ವಾದಿಸುವಾಗಲಾದರೋ ಒಳಗಿನ ಕೋಣೆಯಲ್ಲಿ ಒಬ್ಬನು ಮಲಗಿರುತ್ತಾನೆ. ಅವನು ಮಾತಾಡುತ್ತಿಲ್ಲ, ಅವನಿಗೆ ಮಾತಾಡುವ ಶಕ್ತಿಯೂ ಇಲ್ಲ. ಆದರೆ ಇವರ ಮಾತಿನ ಫಲವನ್ನು ಉಣ್ಣತಕ್ಕವನು ಅವನು. ವಾದದ ಬೆಲೆಯನ್ನು ನಿಶ್ಚಯಿಸತಕ್ಕವನು ಈ ಮೂರನೆಯವನೆಂಬುದು ಇಷ್ಟು ವರ್ಷಗಳ ಮೇಲೆ ನಾನು ಮುಟ್ಟಿರುವ ನಿಲುವು. ನಾನು ಸರಿಯೇ, ಅವನು ತಪ್ಪೇ, ಗೆಲ್ಲಬಲ್ಲೆನೇ, ಸೋಲುವೆನೇ ಎಂಬ ಪ್ರಶ್ನೆಗಳೆಲ್ಲ ಇಬ್ಬರೊಳಗಣವು. ಈ ಮಾತಿನಿಂದ ಉಳಿಯುವವರು ಅಥವಾ ಕೆಡುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಯನ್ನು ಅವುಗಳಿಗೆ ಮೊದಲು ಕೇಳಿಕೊಳ್ಳಬೇಕು.

ಇದನ್ನು ನನಗೆ ಕಲಿಸಿದವಳು ಒಬ್ಬ ಹುಡುಗಿ. ನಮ್ಮ ಅಕ್ಕನಿಗೆ ಜ್ವರ ಏರಿ, ಊರೊಂದರ ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ಪೆನಿಸಿಲಿನ್ ಜಾತಿಯ ಔಷಧ ಅವಳ ಮೈಗೆ ಒಗ್ಗುವುದಿಲ್ಲ. ಹಿಂದೊಮ್ಮೆ ಅದರಿಂದ ಉಸಿರು ಕಟ್ಟಿ ಪ್ರಾಣಕ್ಕೆ ಬಂದಿತ್ತು. ಸೇರಿಸುವಾಗಲೇ ಈ ವಿಷಯವನ್ನು ಹೇಳಿ ಬರೆಯಿಸಿದ್ದೆನು. ಎರಡನೆಯ ದಿನ ರಾತ್ರಿ ಬಂದ ಹಿರಿಯ ವೈದ್ಯರು, ಆ ದಿನ ಎಷ್ಟು ರೋಗಿಗಳನ್ನು ನೋಡಿ ದಣಿದಿದ್ದರೋ, ಹಾಳೆಯ ಮೇಲೆ ಹೊಸ ಚುಚ್ಚುಮದ್ದೊಂದನ್ನು ಬರೆದು ಮುಂದಿನ ಹಾಸಿಗೆಗೆ ಹೊರಟರು. ಹೆಸರನ್ನು ಕೇಳಿದಾಗ ನನಗೆ ಸಂಶಯ ಬಂತು. ಆದರೆ ಅಷ್ಟು ದೊಡ್ಡ ವೈದ್ಯರೊಡನೆ ನಾನು ಏನೆಂದು ವಾದಿಸಲಿ, ತಿಳಿದೇ ಬರೆದಿರುತ್ತಾರೆ, ಸುಮ್ಮನೆ ಅವರ ಮುಖ ಕೆಡಿಸುವುದೇಕೆ ಎಂದು ಬಾಯಿ ಮುಚ್ಚಿಕೊಂಡೆನು. ಜಗಲಿಯ ಘಟನೆಯಿಂದ ನಾನು ಕಲಿತಿದ್ದೆನೆಂದು ಭಾವಿಸಿದ್ದ ಪಾಠವೇ ಅಲ್ಲಿ ನನ್ನ ನಾಲಗೆಯನ್ನು ಕಟ್ಟಿತು. ಆ ವಾರ್ಡಿನ ಸಿಸ್ಟರ್, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಾರದ ತರುಣಿ, ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ಹೋದಳು.

"ಸರ್, ಈಯಮ್ಮನಿಗೆ ಇದು ಆಗೋದಿಲ್ಲ ಅಂತ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದೆ."

"ನನಗೆ ಗೊತ್ತಿದೆ. ಹೇಳಿದಷ್ಟು ಮಾಡಮ್ಮ."

"ಮಾಡ್ತೀನಿ ಸರ್. ಒಂದು ಸಲ ನೋಡಿಬಿಡಿ ಸರ್, ಆಮೇಲೆ ಕೊಡ್ತೀನಿ."

ಅವರು ಗದರಿದರು. ಅವಳ ಕೈ ನಡುಗುತ್ತಿದ್ದುದನ್ನು ನಾನು ಕಂಡೆನು. ಆದರೂ ಅವಳು ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ವೈದ್ಯರು ನೋಡಿದರು. ನೋಡಿ ಒಂದು ಕ್ಷಣ ನಿಂತು, ಬರೆದುದನ್ನು ಹೊಡೆದುಹಾಕಿ ಬೇರೆ ಮದ್ದನ್ನು ಬರೆದುಕೊಟ್ಟರು. ಹೋಗುವಾಗ, "ಒಳ್ಳೆಯದಾಯಿತು" ಎಂದು ಅವಳಿಗೆ ಹೇಳಿಯೇ ಹೋದರು. ಇದು ಅವರ ದೊಡ್ಡತನ. ಚರಕನ ತಕ್ಕಡಿಯಲ್ಲಿಟ್ಟು ತೂಗಿದರೆ ಆ ಹುಡುಗಿ ವಾದಕ್ಕೆ ನಿಲ್ಲಬಾರದಾಗಿತ್ತು. ಎದುರಾಳಿಯು ಎಲ್ಲ ವಿಧದಲ್ಲಿಯೂ ಮೇಲಿನವನು. ಪರಿಷತ್ತಿನಲ್ಲಿ ಅವಳ ಪರವಾಗಿ ಒಬ್ಬನೂ ಇರಲಿಲ್ಲ, ಇರಬೇಕಾಗಿದ್ದ ನಾನೂ ಸಹ. ಆದರೆ ಅವಳು ವಿಗ್ರಹಕ್ಕೆ ನಿಂತವಳಲ್ಲವೆಂಬುದನ್ನು ಆಮೇಲೆ ಗ್ರಹಿಸಿದೆನು. 'ನೀವು ತಪ್ಪು' ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ. 'ಒಂದು ಸಲ ನೋಡಿ' ಎಂಬಷ್ಟರಲ್ಲಿಯೇ ಅವಳು ಬೇರೂರಿ ನಿಂತಳು. ಸಂಧಾಯದ ಮಾತನ್ನು ವಿಗ್ರಹದ ದೃಢತೆಯಿಂದ ಆಡಬಹುದೆಂಬುದನ್ನು ಯಾವ ಶಾಸ್ತ್ರವನ್ನೂ ಓದದ ಅವಳು ಕಂಡುಕೊಂಡಿದ್ದಳು. ಅಕ್ಕ ನಿದ್ದೆಯಲ್ಲಿದ್ದಳು, ತನ್ನ ಹಾಸಿಗೆಯ ಬುಡದಲ್ಲಿ ಏನು ನಡೆಯಿತೆಂಬುದು ಅವಳಿಗೆ ತಿಳಿಯದು.

ಗೆಲುವಿನ ಸಂಭವವೇ ಇಲ್ಲದ ಕಡೆಯಲ್ಲಿ ಏನು ಮಾಡಬೇಕು? ಇದು ಇನ್ನೂ ಕಠಿಣವಾದ ಪ್ರಶ್ನೆ. ಮಹಾಭಾರತದ ಸಭಾಪರ್ವವು ಇದನ್ನು ನಮ್ಮ ಮುಂದೆ ನಿಲ್ಲಿಸಿ ಇಂದಿಗೂ ಕದಲಗೊಡದಿದೆ. ಜೂಜಿನಲ್ಲಿ ಸೋತ ದ್ರೌಪದಿಯನ್ನು ಕರೆತರಲೆಂದು ಪ್ರಾತಿಕಾಮಿಯು ಹೋದಾಗ ಅವಳು ಅಳುತ್ತ ಬರಲಿಲ್ಲ. ಧರ್ಮರಾಯನು ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ, ಕೇಳಿಕೊಂಡು ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸಿದಳು. ಚರಕನು ಹೇಳಿದ ಆ ಕಟ್ಟುಬಿದ್ದ ಪರಿಷತ್ತು ಇದಕ್ಕಿಂತ ಬೇರೆ ಯಾವುದಿದ್ದೀತು? ರಾಜನು ಕುರುಡ, ರಾಜಪುತ್ರನು ಮದಾಂಧ, ಹಿರಿಯರು ಅನ್ನದ ಋಣಕ್ಕೆ ಸಿಕ್ಕಿದವರು. ಭೀಷ್ಮನಂಥ ಭೀಷ್ಮನೂ ಧರ್ಮವು ಸೂಕ್ಷ್ಮವೆಂದು ಹೇಳಿ ನಿರ್ಣಯವನ್ನು ತಪ್ಪಿಸಿಕೊಂಡನು. ಆ ನೂರು ಮಂದಿ ಕೌರವರಲ್ಲಿ ವಿಕರ್ಣನೊಬ್ಬನು ಎದ್ದು, ಅವಳನ್ನು ಗೆದ್ದದ್ದು ನ್ಯಾಯವಲ್ಲವೆಂದು ವಾದಿಸಲು, ನೀನಿನ್ನೂ ಹುಡುಗನೆಂದು ಕರ್ಣನು ಅವನನ್ನು ಅಡಗಿಸಿದನು. ವಿದುರನಾದರೋ, ಪ್ರಹ್ಲಾದನ ಮಗ ವಿರೋಚನನಿಗೂ ಸುಧನ್ವನಿಗೂ ಪ್ರಾಣವನ್ನೇ ಪಣವಾಗಿಟ್ಟ ವಿವಾದವು ಹುಟ್ಟಿದಾಗ ತೀರ್ಪು ಹೇಳಬೇಕಾಗಿ ಬಂದ ಆ ತಂದೆಯ ಕಥೆಯನ್ನು ಸಭೆಗೆ ಹೇಳಿ, ಕೇಳಿದ ಪ್ರಶ್ನೆಗೆ ಬಲ್ಲವನಾಗಿಯೂ ಉತ್ತರ ಹೇಳದೆ ಕುಳಿತವನಿಗೆ ಸುಳ್ಳಿನ ಪಾಪದಲ್ಲಿ ಅರ್ಧಭಾಗವು ತಗಲುವುದೆಂದು ಎಚ್ಚರಿಸಿದನು. ಆದರೂ ಸಭೆ ಬಾಯಿ ಬಿಡಲಿಲ್ಲ.

ವಿಕರ್ಣನ ವಾದದಿಂದ ಆ ಸಭೆಯಲ್ಲಿ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಆದರೆ ಅವನ ಮಾತಿಗೆ ಸಭೆಯ ಹೊರಗೂ ಕೇಳುವವರಿದ್ದರು. ಆ ಕಥೆಯನ್ನು ತಲೆಮಾರುಗಳಿಂದ ಕೇಳುತ್ತ ಬಂದಿರುವ ನಾವಿದ್ದೇವೆ. ಹಳ್ಳಿಯ ಗುಡಿಯ ಮುಂದೆ ಗದುಗಿನ ಭಾರತವನ್ನು ಓದಿಸಿ ಕೇಳಿದ ನಮ್ಮ ಅಜ್ಜಿಯರಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಸೆರಗು ಹಿಡಿದೆಳೆಯಲ್ಪಡುತ್ತಿದ್ದ ಅವಳಿದ್ದಾಳೆ. ನೂರು ಮಂದಿಯಲ್ಲಿ ಒಬ್ಬನಾದರೂ ಇದನ್ನು ಅನ್ಯಾಯವೆಂದು ಕರೆದನೆಂಬ ಅರಿವು ಅವಳ ದುಃಖವನ್ನು ಕಳೆಯಲಾರದು. ಆದರೆ ಅದು ಇಲ್ಲದಿದ್ದರೆ ಆ ದುಃಖದ ಜೊತೆಗೆ, ತನಗಾದದ್ದು ಅನ್ಯಾಯವೇ ಅಲ್ಲವೋ ಏನೋ ಎಂಬ ಸಂಶಯವೂ ಸೇರಿಕೊಳ್ಳುತ್ತಿತ್ತು. ಕಛೇರಿಯಲ್ಲಿ ದುರ್ಬಲನೊಬ್ಬನನ್ನು ಎಲ್ಲರೆದುರಿಗೆ ಹೀನಾಯಮಾಡುವಾಗ, ಮದುವೆಯ ಪಂಕ್ತಿಯಲ್ಲಿ ಜಾತಿಯ ಕಾರಣಕ್ಕಾಗಿ ಯಾರನ್ನೋ ಎಬ್ಬಿಸುವಾಗ, ಸೊಸೆಯ ಬಣ್ಣವನ್ನೋ ತವರಿನ ಬಡತನವನ್ನೋ ಕುರಿತು ಬಂಧುಗಳು ನಗುವಾಗ, ಒಬ್ಬನ ಮಾತಿನಿಂದ ಯಾವುದೂ ಬದಲಾಗದೆಂದು ಎಷ್ಟು ನಿಶ್ಚಯವಾಗಿ ತಿಳಿದಿದ್ದರೂ ಆ ಮಾತನ್ನು ಆಡಿಯೇ ತೀರಬೇಕೆಂದು ನನ್ನ ದೃಢವಾದ ನಂಬಿಕೆ.

ಎದುರಾಳಿಯ ಅಧಿಕಾರದ ವಿಚಾರವಾಗಿ ಪಾಲಿಯ 'ಮಿಲಿಂದಪಞ್ಹ'ದಲ್ಲಿ ಒಂದು ಸುಂದರವಾದ ಸಂದರ್ಭವಿದೆ. ಸಾಗಲ ನಗರದ ಯವನರಾಜನಾದ ಮಿಲಿಂದನು ತನ್ನೊಡನೆ ವಾದಕ್ಕೆ ಬರುವಿರಾ ಎಂದು ಭಿಕ್ಷು ನಾಗಸೇನನನ್ನು ಕೇಳಲು, ಪಂಡಿತರ ರೀತಿಯಲ್ಲಿ ವಾದಿಸುವುದಾದರೆ ಬರುವೆನು, ರಾಜರ ರೀತಿಯಲ್ಲಾದರೆ ಒಲ್ಲೆನೆಂದು ನಾಗಸೇನನು ಉತ್ತರವಿತ್ತನು. ಪಂಡಿತರ ವಾದದಲ್ಲಿ ಗಂಟು ಹಾಕುವುದೂ ಬಿಡಿಸುವುದೂ ಉಂಟು, ತಪ್ಪನ್ನು ಒಪ್ಪಿಕೊಳ್ಳುವುದೂ ಉಂಟು, ಆದರೆ ಅದರಿಂದ ಅವರು ಕೆರಳುವುದಿಲ್ಲ. ರಾಜರಾದರೋ ತಮ್ಮ ಮಾತನ್ನು ಒಪ್ಪದವನಿಗೆ ದಂಡನೆಯನ್ನು ವಿಧಿಸುತ್ತಾರೆ ಎಂಬುದು ಅವನು ಕೊಟ್ಟ ವಿವರಣೆ. ಮಿಲಿಂದನು ಪಂಡಿತರ ಕ್ರಮಕ್ಕೆ ಒಪ್ಪಿದನು. ಒಪ್ಪಿದ್ದರಿಂದಲೇ ಅಷ್ಟು ದೊಡ್ಡ ಗ್ರಂಥವು ಹುಟ್ಟಿತು. ಗಂಡನು ಹೆಂಡತಿಯೊಡನೆ, ಮಾಲೀಕನು ಆಳಿನೊಡನೆ, ಮೇಷ್ಟರು ಹುಡುಗನೊಡನೆ ವಾದಕ್ಕೆ ಕೂರುವ ಮೊದಲು ಈ ಕರಾರು ಆಗಬೇಕಾದದ್ದು ಅಗತ್ಯ. ಕೇಳಬೇಕಾದವರು ದುರ್ಬಲರೇ ಆಗಿರುವುದರಿಂದ, ಕೇಳುವ ಮೊದಲೇ ಅದನ್ನು ಕೊಡುವ ಹೊಣೆ ಪ್ರಬಲರದು. ಓದಿದ ಮಗನು ಓದದ ಹಿರಿಯನೊಡನೆ ವಾದಿಸುವಾಗಲೂ ಹೀಗೆಯೇ. ನನ್ನ ಕೈಯಲ್ಲಿದ್ದ ಪುಸ್ತಕವು ಅಂದು ರಾಜದಂಡದ ಕೆಲಸವನ್ನೇ ಮಾಡಿತು.

ಶೃಂಗೇರಿಯ ಪೀಠದೊಡನೆ ಹೆಸರು ಬೆರೆತಿರುವ ಸುರೇಶ್ವರಾಚಾರ್ಯರು ಪೂರ್ವಾಶ್ರಮದಲ್ಲಿ ಮಂಡನಮಿಶ್ರರೆಂದಿದ್ದಾಗ, ಶಂಕರರಿಗೂ ಅವರಿಗೂ ನಡೆದ ವಾದಕ್ಕೆ ಮಂಡನರ ಪತ್ನಿ ಉಭಯಭಾರತಿಯು ತೀರ್ಪುಗಾರ್ತಿಯಾಗಿದ್ದಳೆಂದೂ, ಇಬ್ಬರ ಕೊರಳಿಗೂ ಹೂಮಾಲೆಯನ್ನು ಹಾಕಿ ಯಾರ ಮಾಲೆಯು ಬಾಡುವುದೋ ಅವರು ಸೋತಂತೆ ಎಂದು ಹೇಳಿ ಮನೆಗೆಲಸಕ್ಕೆ ಹೋದಳೆಂದೂ ಶಂಕರದಿಗ್ವಿಜಯವು ಹೇಳುತ್ತದೆ. ಮಾಲೆ ಬಾಡುವುದು ಕೋಪದ ಬಿಸಿಗೆ ಎಂಬುದಾಗಿ ನಮ್ಮ ಹಿರಿಯರು ಅದಕ್ಕೆ ಅರ್ಥ ಹೇಳುತ್ತಿದ್ದರು. ಇದು ಸ್ವಪರೀಕ್ಷೆಗೆ ಒದಗತಕ್ಕ ಮಾತು. ವಾದದ ನಡುವೆ ನನ್ನ ಕಿವಿಯ ತುದಿಯು ಬಿಸಿಯೇರುವುದನ್ನು ಗಮನಿಸಿದಾಗ, ಮೂರನೆಯವನು ಮನಸ್ಸಿನಿಂದ ಜಾರಿ ಹೋಗಿ ನಾನೂ ಎದುರಿನವನೂ ಇಬ್ಬರೇ ಉಳಿದಿದ್ದೇವೆಂದು ನಾನು ತಿಳಿದುಕೊಳ್ಳುತ್ತೇನೆ.

ವಾದವನ್ನು ಹೂಡುವುದಕ್ಕಿಂತ ನಿಲ್ಲಿಸುವುದು ಕಷ್ಟ. ಇದನ್ನು ಚೆನ್ನಾಗಿ ಬಲ್ಲವರು ಕರಾವಳಿಯ ತಾಳಮದ್ದಳೆಯ ಅರ್ಥಧಾರಿಗಳು. ಪತ್ತನಾಜೆಯಾಗಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ, ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಚೆಂಡೆಮದ್ದಳೆಗಳ ಆಸರೆಯಲ್ಲಿ, ಎದುರುಬದುರು ಕುಳಿತು ಬರಿಯ ಮಾತಿನಿಂದಲೇ ರಾಮನನ್ನೂ ವಾಲಿಯನ್ನೂ ಕಣ್ಣೆದುರಿಗೆ ನಿಲ್ಲಿಸುವ ಈ ಕಲೆ ಲೋಕದಲ್ಲಿಯೇ ಅಪೂರ್ವವಾದದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಮೊದಲಾದ ಮಹನೀಯರು ಅದನ್ನು ಪಾಂಡಿತ್ಯದ ಶಿಖರಕ್ಕೆ ಒಯ್ದರು. ವಾಲಿವಧೆಯ ಪ್ರಸಂಗವನ್ನು ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿಯು ಕೇಳುವ ಪ್ರಶ್ನೆಯು ಎಷ್ಟು ಬಲವಾದದ್ದೆಂದರೆ, ಸಮರ್ಥನಾದ ಅರ್ಥಧಾರಿಯು ಮನಸ್ಸು ಮಾಡಿದರೆ ರಾಮನ ಬಾಯಿಯನ್ನೇ ಕಟ್ಟಿಬಿಡಬಹುದು. ಆದರೆ ಪ್ರಸಂಗದ ಕೊನೆಯು ಮೊದಲೇ ನಿಶ್ಚಿತವಾಗಿದೆ. ವಾಲಿಯು ರಾಮನನ್ನು ಒಪ್ಪಿ, ಅಂಗದನನ್ನು ಅವನ ಕೈಗೆ ಒಪ್ಪಿಸಿ ಪ್ರಾಣ ಬಿಡಬೇಕು. ನಿಜವಾದ ಅರ್ಥಧಾರಿಯು ತನ್ನ ಪ್ರಶ್ನೆಯನ್ನು ಪೂರ್ಣವಾದ ಬಿರುಸಿನಿಂದ ಎತ್ತಿ, ಸಭೆಯ ಎದೆಯನ್ನು ಅಲುಗಿಸಿ, ಎದುರಿನವನಿಗೆ ಉತ್ತರಿಸಲು ಎಡೆಯನ್ನಿಟ್ಟು, ತಕ್ಕ ಗಳಿಗೆಯಲ್ಲಿ ತಲೆಬಾಗುತ್ತಾನೆ. ಭಾಗವತರು ಮುಂದಿನ ಪದವನ್ನು ಎತ್ತಿಕೊಳ್ಳುತ್ತಾರೆ. ಬಗ್ಗದೆ ಹಟಕ್ಕೆ ಬಿದ್ದವನು ಆ ರಾತ್ರಿ ಚಪ್ಪಾಳೆಯನ್ನು ಗಳಿಸಿಯಾನು. ಆದರೆ ಪ್ರಸಂಗವು ಕೆಡುತ್ತದೆ, ಕೇಳಲು ಬಂದವರು ಕಥೆಯನ್ನು ಕಳೆದುಕೊಂಡು ಮನೆಗೆ ಹೋಗುತ್ತಾರೆ. ಬಾಗಿದ ವಾಲಿಯು ಸೋತನೆಂದು ಯಾವ ಶ್ರೋತೃವೂ ಹೇಳಿದ್ದನ್ನು ನಾನು ಕೇಳಿಲ್ಲ.

ಬದು, ಬೇಲಿ, ಬಾವಿಯ ಪಾಲುಗಳ ವಿಷಯದಲ್ಲಿ ಕೋರ್ಟಿನ ಮೆಟ್ಟಿಲನ್ನು ಹತ್ತಿದವರ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಅವರೇ ನಮಗೆ ಮಾಡಿಕೊಟ್ಟಿದ್ದಾರೆ. ಅಲ್ಲಿಯೂ ಮೂರನೆಯವರುಂಟು: ಅಣ್ಣತಮ್ಮಂದಿರ ಮಕ್ಕಳು, ಒಂದೇ ಶಾಲೆಗೆ ಹೋಗುತ್ತ ಒಬ್ಬರೊಡನೊಬ್ಬರು ಮಾತಾಡಬಾರದೆಂದು ಕಟ್ಟಳೆಗೆ ಒಳಗಾದವರು.

ಕಳೆದ ವರ್ಷ ಚಿಕ್ಕಪ್ಪನವರ ಮೊಮ್ಮಗಳು ತನ್ನ ಮಗನನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಜಗಲಿಯ ಮೇಲೆ ಅಂದು ಕಾದು ಕುಳಿತಿದ್ದ ಮಕ್ಕಳಲ್ಲಿ ಅವಳೂ ಒಬ್ಬಳು. ನಾವು ಮೂವರೂ ಬೆಳಗಿನ ಮಂಜು ಆರುವ ಮೊದಲೇ ಬೆಟ್ಟಕ್ಕೆ ಹೋದೆವು. ದೊಡ್ಡದೊಂದು ಬಂಡೆಯ ಬಳಿಗೆ ಬಂದಾಗ ಅವಳು ನಿಂತು ಮಗನಿಗೆ, "ನಿನ್ನ ಮುತ್ತಾತನ್ನ ಅವರಪ್ಪ ಇಂಥದ್ದೇ ಬಂಡೆ ಮೇಲೆ ನಿಲ್ಲಿಸಿ ಗಾಂಧಿತಾತನ್ನ ತೋರಿಸಿದ್ದರಂತೆ" ಎಂದಳು.

"ಅಲ್ಲಿಂದ ಏನು ಕಾಣಿಸ್ತಂತೆ?" ಎಂದು ಹುಡುಗ ಕೇಳಿದನು.

ಅವಳು ನನ್ನ ಮುಖವನ್ನು ನೋಡಿ, "ದೊಡ್ಡಪ್ಪ, ನೀವು ಚಿಕ್ಕಂದಿನಿಂದ ಎಷ್ಟೊಂದು ಸಲ ಕೇಳಿದ್ದೀರಲ್ಲ, ಆಮೇಲೆ ಏನಾಯ್ತಂತೆ, ಹೇಳಿ" ಎಂದಳು.

ನಾನು ನೆನಪಿನಲ್ಲಿ ಹುಡುಕಿದೆನು. ಅವರು ಪ್ರಾರ್ಥನೆಯನ್ನು ಕೇಳಿದ್ದರೋ, ಬರಿಯ ಮುಖವನ್ನು ಕಂಡಿದ್ದರೋ, ಯಾರಾದರೂ ಏನಾದರೂ ಮಾತಾಡಿದ್ದರೋ, ಇಳಿಯುವಾಗ ಅಪ್ಪ ಮಗನಿಗೆ ಏನು ಹೇಳಿದ್ದರೋ, ಒಂದೂ ನನಗೆ ಬರಲಿಲ್ಲ. ಮಂಜು ಬಂಡೆಯ ಮೇಲಿಂದ ನಿಧಾನವಾಗಿ ಏಳುತ್ತಿತ್ತು. ಹುಡುಗನು ತಲೆಯೆತ್ತಿ ಕಾಯುತ್ತ ನಿಂತಿದ್ದನು. ನನ್ನ ಬಳಿ ಇದ್ದದ್ದು ಇಸವಿ ಮಾತ್ರ.